ಋತುವಿಗೊಪ್ಪುವ ಕೈಹೊಲಿಗೆ, ಅರಿವೆಯ ಅರಿವು

ಅನ್ನದ ತರುವಾಯ ಮಾನವನಿಗೆ ಅತ್ಯಾವಶ್ಯಕವಾದುದು ವಸ್ತ್ರ. ಉಡಲು ಎಲ್ಲರೂ ಬಲ್ಲರು. ಗುಣವರಿತು ಕೊಳ್ಳಲು, ಹರಿದಾಗ ಹೊಲಿದುಕೊಳ್ಳಲು ಬಲ್ಲವರು ವಿರಳ. ನೇಯ್ಗೆಯ ಜೇಡರ ದಾಸಿಮಯ್ಯನಿಗೂ ಸೂಜಿಕಾಯಕದ ರಾಮಿತಂದೆಗೂ ಶರಣ ಪರಂಪರೆಯಲ್ಲಿ ದೊರೆತ ಗೌರವವು ಕೈಗೆಲಸಕ್ಕೆ ಸಂದ ಮನ್ನಣೆಯೇ ಸರಿ. ಆದುದರಿಂದ ವಿದ್ಯಾರ್ಥಿಗಳು ಹೊಲಿಗೆಯನ್ನು ಕೀಳೆಂದು ಬಗೆಯದೆ ಕಲಿಯುವುದು ಶ್ರೇಯಸ್ಕರ. ಸೂಜಿ ಹಿಡಿಯುವ ಮುನ್ನ ಅರಿವೆಯನ್ನು ಅರಿಯಬೇಕು; ಅರಿವೆಯನ್ನು ಅರಿಯಲು ನಾಡಿನ ಹವೆಯನ್ನು ತಿಳಿಯಬೇಕು.

ಇದಕ್ಕೆ ಉಡುಪಿಯ ಸೀಮೆ ಉತ್ತಮ ನಿದರ್ಶನ. ಅಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಮಳೆ ನಿಂತ ಮೇಲೆ ಬೆವರಿಳಿಸುವ ಸೆಕೆ. ಬೆವರನ್ನು ಹೀರಿ ಬೇಗನೆ ಒಣಗುವ ತೆಳು ಹತ್ತಿಯ ಬಟ್ಟೆಯೇ ಈ ಹವೆಗೆ ತಕ್ಕುದು. ಕರಾವಳಿಯ ಶೆಟ್ಟಿಗಾರ ನೇಕಾರರು ನೇಯುತ್ತ ಬಂದ ಉಡುಪಿ ಸೀರೆಯು ಜನಪ್ರಿಯವಾದುದು ಈ ಗುಣದಿಂದಲೇ. 2016ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಲಭಿಸಿತು. ಆದರೆ ಆ ವೇಳೆಗೆ ಅನೇಕ ಮಗ್ಗಗಳ ಸದ್ದು ಅಡಗಿತ್ತು. ಯಂತ್ರಮಗ್ಗದ ಅಗ್ಗದ ಬಟ್ಟೆಯೊಡನೆ ಸೆಣಸಲಾರದೆ ನೇಕಾರರ ಮಕ್ಕಳು ಅನ್ಯವೃತ್ತಿಗಳನ್ನು ಹಿಡಿದಿದ್ದರು. ಕಾರ್ಕಳದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದೊಡನೆ ಕೈಜೋಡಿಸಿ ಈ ವಿದ್ಯೆಯನ್ನು ಪುನರುಜ್ಜೀವನಗೊಳಿಸಲು ಶ್ರಮಿಸಿದುದು ಶ್ಲಾಘನೀಯ. ಆದರೂ ಕೊಳ್ಳುವವರಿದ್ದರೆ ಮಾತ್ರ ನೇಯುವವರು ಉಳಿದಾರು.

ಹೀಗಿರಲು, ಉಡುಪಿಯ ಪೇಟೆಯಲ್ಲಾಗಲಿ ಕಾರ್ಕಳದ ಅಂಗಡಿಯಲ್ಲಾಗಲಿ ಬಟ್ಟೆ ಕೊಳ್ಳುವವನು ಕೆಲವು ಪರೀಕ್ಷೆಗಳನ್ನು ಅರಿತಿರಬೇಕು. ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ಹಾಸು ಹೊಕ್ಕುಗಳು ಸಮವಾಗಿವೆಯೇ ಎಂದು ನೋಡಬೇಕು. ಎರಡು ಬೆರಳುಗಳ ನಡುವೆ ಉಜ್ಜಿದಾಗ ಬಿಳಿಯ ಪುಡಿ ಉದುರಿದರೆ, ಗಂಜಿಯಿಂದ ದಪ್ಪವಾಗಿ ತೋರುವ ಬಟ್ಟೆ ಅದೆಂದು ತಿಳಿಯಬೇಕು. ಒದ್ದೆಯಾದ ಬಿಳಿಯ ಚಿಂದಿಯಿಂದ ಒರಸಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುತ್ತದೆ. ನೂಲಿನ ನಂಬರು ಹೆಚ್ಚಿದಷ್ಟೂ ನೂಲು ನವಿರು. 60 ನಂಬರಿನ ನೂಲೆಂದರೆ ಒಂದು ಪೌಂಡು ತೂಕದಲ್ಲಿ 840 ಗಜಗಳ 60 ಲಡಿಗಳು. ಬಟ್ಟೆಯಿಂದ ಎಳೆದ ಒಂದೆರಡು ಎಳೆಗಳನ್ನು ಹಿರಿಯರ ಸಮಕ್ಷಮದಲ್ಲಿ ಸುಟ್ಟರೆ ಹತ್ತಿಯು ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ. ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುತ್ತದೆ. ಕೈಮಗ್ಗದ್ದೆಂದು ಹೇಳಿ ಮಾರುವ ಬಟ್ಟೆಯ ಮೇಲೆ 2006ರಲ್ಲಿ ಜಾರಿಗೆ ಬಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಇದೆಯೇ ಎಂದು ಕೇಳುವುದು ಒಳಿತು. ಕೊಂಡ ಹತ್ತಿಬಟ್ಟೆಯನ್ನು ಒಮ್ಮೆ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿಸಬೇಕು. ಇಲ್ಲವಾದರೆ ಹೊಲಿದ ಮೇಲೆ ಕುಗ್ಗಿ ಅಳತೆ ಕೆಡುತ್ತದೆ.

ಇನ್ನು ಹೊಲಿಗೆ. ಶಾಲೆ ಆರಂಭವಾಗುವುದು ಮಳೆಗಾಲದಲ್ಲಿ. ಆಗ ಮನೆಯೊಳಗೆ ಕುಳಿತು ಮಾಡಬಹುದಾದ ಚಿಕ್ಕ ಕೆಲಸವೇ ಲೇಸು. 34 ಸೆಂಟಿಮೀಟರಿನ ಚೌಕ ತುಂಡನ್ನು ಕತ್ತರಿಸಿ, ನಾಲ್ಕು ಬದಿಗಳಲ್ಲೂ ಒಂದೊಂದು ಸೆಂಟಿಮೀಟರಿನಂತೆ ಎರಡು ಮಡಿಕೆ ಮಡಿಸಿ ಹೆಮ್ಮಿಂಗ್ ಮಾಡಿದರೆ 30 ಸೆಂಟಿಮೀಟರಿನ ಕರವಸ್ತ್ರ ಸಿದ್ಧವಾಗುತ್ತದೆ. ಗುಂಡಿ ಹಾಕುವುದನ್ನೂ ಈ ಕಾಲದಲ್ಲಿಯೇ ಕಲಿಯಬೇಕು. ಮಣಿಪಾಲದಂತಹ ವಿದ್ಯಾಕೇಂದ್ರದಲ್ಲಿ ಮನೆಯಿಂದ ದೂರವಿದ್ದು ಓದುವವರಿಗೆ ಇದು ನಿತ್ಯೋಪಯೋಗಿ. ಕಾಪುವಿನಂತಹ ಕಡಲತಡಿಯ ಊರುಗಳಲ್ಲಿ ಉಪ್ಪುಗಾಳಿಗೆ ಸೂಜಿಯು ಬೇಗನೆ ತುಕ್ಕು ಹಿಡಿಯುತ್ತದೆ. ಎಣ್ಣೆ ಸವರಿದ ಉಣ್ಣೆಯ ತುಂಡಿನಲ್ಲಿ ಚುಚ್ಚಿಟ್ಟರೆ ಅದು ಕೆಡದು.

ಚಳಿಗಾಲದಲ್ಲಿ ಹೊದಿಕೆಯನ್ನು ಹೊಲಿಯಬಹುದು. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಬಟ್ಟೆಗಳ ಹಲವು ಪದರಗಳಿಂದ ದಪ್ಪ ಕೌದಿಯನ್ನು ಹೊಲಿಯುತ್ತಾರೆ. ಕರಾವಳಿಯ ಸೌಮ್ಯವಾದ ಚಳಿಗೆ ಹಳೆಯ ಹತ್ತಿಸೀರೆಯ ಎರಡು ಮೂರು ಪದರ ಸಾಕು. ಮೊದಲು ಉದ್ದುದ್ದನೆಯ ಕಚ್ಚಾ ಹೊಲಿಗೆಯಿಂದ ಪದರಗಳನ್ನು ಹಿಡಿದಿಟ್ಟು, ಬಳಿಕ ಮೂರು ಮೂರು ಬೆರಳುಗಳ ಅಂತರದಲ್ಲಿ ಸಾಲುಸಾಲಾಗಿ ಸಣ್ಣ ಹೊಲಿಗೆ ಹಾಕಿ, ಕಡೆಗೆ ಕಚ್ಚಾ ನೂಲನ್ನು ಕಿತ್ತುಬಿಡಬೇಕು. ಸವೆದು ಮೃದುವಾದ ಸೀರೆಯು ಎಳೆಯ ಶಿಶುವಿಗೆ ಹಿತಕರವಾದ ಹೊದಿಕೆಯಾಗುತ್ತದೆ.

ಬೇಸಿಗೆಯು ಜಾತ್ರೆ ಉತ್ಸವಗಳ ಕಾಲ. ಕಾಪುವಿನ ಸುಗ್ಗಿ ಮಾರಿಪೂಜೆಯಂತಹ ಸಂದರ್ಭಗಳಿಗೂ ದಿನದಿನದ ಸಂತೆಗೂ ಕೈಚೀಲ ಬೇಕು. 44 ಅಂಗುಲ ಪನ್ನದ ಬಟ್ಟೆ ಅರ್ಧ ಮೀಟರು ಇದ್ದರೆ ಅದರಲ್ಲಿ 80 ಸೆಂಟಿಮೀಟರು ಉದ್ದ, 40 ಸೆಂಟಿಮೀಟರು ಅಗಲದ ತುಂಡೊಂದು, ಕೈಹಿಡಿಗೆ 45 ಸೆಂಟಿಮೀಟರು ಉದ್ದ, 8 ಸೆಂಟಿಮೀಟರು ಅಗಲದ ಪಟ್ಟಿಗಳೆರಡು ದೊರೆಯುತ್ತವೆ. ದೊಡ್ಡ ತುಂಡನ್ನು ನಡುವೆ ಮಡಿಸಿ ಎರಡು ಬದಿಗಳನ್ನು ಹೊಲಿದು, ಬಾಯಿಯ ಅಂಚನ್ನು ಮಡಿಸಿ ಹೊಲಿಯಬೇಕು. ಭಾರ ಬೀಳುವ ಬದಿಗಳಿಗೂ ಕೈಹಿಡಿಗಳಿಗೂ ಪ್ರತಿಯೊಂದು ಹೊಲಿಗೆಯಲ್ಲೂ ಸೂಜಿಯನ್ನು ಹಿಂದಕ್ಕೆ ತಂದು ಚುಚ್ಚುವ ಗಟ್ಟಿ ಹೊಲಿಗೆಯೇ ಬೇಕು.

ಈ ಮೂರು ಕೆಲಸಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಲಭಿಸುವ ಶಿಕ್ಷಣವಾದರೋ ಅಧಿಕ. ಒಂದು ಅಂಚನ್ನು ನೇರವಾಗಿ ಹೊಲಿಯಲು ಎಷ್ಟು ಹೊತ್ತು ಹಿಡಿಯುವುದೆಂದು ಕಂಡ ಬಾಲಕನು ಆರು ಗಜದ ಸೀರೆಯನ್ನು ಎಳೆಯೆಳೆಯಾಗಿ ನೇಯ್ದವನ ಶ್ರಮವನ್ನು ಅರಿಯುತ್ತಾನೆ. ಅರಿತವನು ಅಗ್ಗವೆಂಬ ಒಂದೇ ಕಾರಣಕ್ಕೆ ಬಟ್ಟೆಯನ್ನು ಕೊಳ್ಳನು. ತುಸು ಹರಿಯಿತೆಂದು ಬಿಸುಡನು. ಅಂತಹ ಗ್ರಾಹಕರು ಮನೆಮನೆಯಲ್ಲೂ ಬೆಳೆದರೆ ಕರಾವಳಿಯ ಮಗ್ಗಗಳು ಮತ್ತೆ ನುಡಿದಾವು.