ಮಿರ್ಲೆಯ ಹಿತ್ತಲು, ಗುಂಡಿಯ ಒಕ್ಕಲು

ಕೆ.ಆರ್. ನಗರ ಸೀಮೆಯ ಮಿರ್ಲೆಯ ಹಿತ್ತಲುಗಳಲ್ಲಿ ಅಡುಗೆಮನೆಯ ಉಳಿಕೆಗೆ ಮೊದಲ ಹಕ್ಕುದಾರ ದನ. ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ, ಮಾಗಿಯಲ್ಲಿ ರಾಶಿ ಬೀಳುವ ಅವರೆಕಾಯಿ ಸಿಪ್ಪೆ ಕೊಟ್ಟಿಗೆಗೆ. ಎಲ್ಲವೂ ಸಗಣಿಯಾಗಿಯೇ ತಿಪ್ಪೆ ಸೇರುತ್ತಿತ್ತು. ಈಗ ಕೊಟ್ಟಿಗೆ ಬರಿದಾದ ಮನೆಗಳೂ ಇವೆ. ಅಲ್ಲಿ ದನದ ಹೊಟ್ಟೆ ಮಾಡುತ್ತಿದ್ದ ಕೆಲಸವನ್ನು ಒಂದು ಗುಂಡಿ ಮಾಡಬೇಕು. ಬದನೆ, ಟೊಮೆಟೊ ಸಾಲಿನ ಪಕ್ಕದ ಅಂಥ ಗುಂಡಿಯ ಬಳಿ ಕೂತು ಕಂಡದ್ದು ಇದು.

ಮೊದಲ ವಾರ: ಸಿಪ್ಪೆಯನ್ನಷ್ಟೇ ಸುರಿದ ಮೂಲೆ ಹುಳಿನಾತ ಬೀರುತ್ತದೆ, ಗುಂಗುರು ಮುತ್ತುತ್ತವೆ. ಭತ್ತದ ಹುಲ್ಲು ಹರಡಿದ ಮೂಲೆಯಲ್ಲಿ ನಾತವಿಲ್ಲ. ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಹುಲ್ಲಿನಲ್ಲಿ ಇಂಗಾಲ ಹೆಚ್ಚು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಸಿಕ್ಕರೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹಿತ. ಹುಲ್ಲಿನ ಸಂದಿನಲ್ಲಿ ಗಾಳಿಯೂ ಆಡುತ್ತದೆ. ದೊಡ್ಡ ರಾಶಿಯ ಒಡಲು 55–60 ಡಿಗ್ರಿ ಸೆಲ್ಸಿಯಸ್ ಕಾಯಬಹುದು. ಮನೆಯ ಸಣ್ಣ ಗುಂಡಿ ಬೆಚ್ಚಗಾಗುವುದಷ್ಟೆ. ಆ ಕಾವಿಗೆ ಬೀಜ ಸಾಯುವುದಿಲ್ಲ. ಅದಕ್ಕೇ ಅಂಚಿನಲ್ಲಿ ಯಾರೂ ಬಿತ್ತದ ಕುಂಬಳ, ಟೊಮೆಟೊ ಮೊಳಕೆಗಳು ಏಳುತ್ತವೆ.

ಆಮೇಲೆ: ಹುಲ್ಲು ಸರಿಸಿದರೆ ಚಪ್ಪಟೆಯಾದ, ಬೂದುಕಂದು ಬಣ್ಣದ ಮರಿಹುಳುಗಳು ಕುದಿಯುವಂತೆ ಮಿಸುಕಾಡುತ್ತವೆ. ಇವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಅಮೆರಿಕ ಖಂಡದ ಮೂಲದ ಈ ನೊಣ ಈಗ ಲೋಕದ ಬಿಸಿನಾಡುಗಳಲ್ಲೆಲ್ಲ ಇದೆ. ನೋಟಕ್ಕೆ ಕಣಜದಂತಿದ್ದರೂ ಕಚ್ಚುವುದಿಲ್ಲ, ಕುಟುಕುವುದಿಲ್ಲ. ಮರಿಗಳು ಕೊಳೆತದ್ದನ್ನು ತಿನ್ನುತ್ತವೆ, ಗಿಡದ ಬೇರಿಗೆ ಬಾಯಿ ಹಾಕವು. ಅವನ್ನು ಕಂಡು ಹೇಸಿ ಕೀಟನಾಶಕ ಸುರಿಯುವುದು ದುಡಿಯುವವರಿಗೇ ವಿಷವಿಟ್ಟಂತೆ.

ಮಳೆ ಹಿಡಿದ ಮೇಲೆ: ಬೆಳಿಗ್ಗೆ ಹುಲ್ಲಿನ ಮೇಲೆ ನಾಯಿಕೊಡೆಗಳು ನಿಂತಿರುತ್ತವೆ; ಮಧ್ಯಾಹ್ನದೊಳಗೆ ಅವುಗಳಲ್ಲಿ ಕೆಲವು ಮಸಿಯಾಗಿ ಕರಗಿಹೋಗಿರುತ್ತವೆ. ಕೆಳಗಿನ ತಂಪಿಗೆ ಎರೆಹುಳು ಬರುತ್ತದೆ. ಅದರ ಕೆಲಸದ ಬಗ್ಗೆ ಡಾರ್ವಿನ್ 1881ರಲ್ಲೇ ಇಡೀ ಪುಸ್ತಕ ಬರೆದ. ನಮ್ಮಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಕಾಳೆ ಎರೆಗೊಬ್ಬರದ ಅಧ್ಯಯನಕ್ಕೆ ಬದುಕಿನ ಬಹುಪಾಲನ್ನು ಕೊಟ್ಟರು. ನಿಂಬೆಸಿಪ್ಪೆ, ಹಸಿಮೆಣಸು, ಉಪ್ಪು-ಎಣ್ಣೆ ತುಂಬಿದ ಉಪ್ಪಿನಕಾಯಿ ಬಿದ್ದ ಕಡೆಯಿಂದ ಎರೆಹುಳು ದೂರ ಸರಿಯುತ್ತದೆ. ಅವನ್ನು ಗುಂಡಿಗೆ ಹಾಕದಿರುವುದೇ ಲೇಸು.

ಒಬ್ಬ ಒಕ್ಕಲನ್ನು ಮಾತ್ರ ಉಳಿಯಗೊಡಬಾರದು: ಹೆಬ್ಬೆರಳು ಗಾತ್ರದ, ಬಾಗಿ ಮಲಗುವ ಬಿಳಿ ಗೊಣ್ಣೆಹುಳು. ಬಲಿತರೆ ಅದೇ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯಾಗಬಹುದು. ಆಮೇಲೆ ಬಿಚ್ಚಿಕೊಳ್ಳುವ ಗರಿಗಳಲ್ಲಿ ಕತ್ತರಿ ಆಡಿಸಿದ ಹಾಗೆ ಗಾಯ ಕಾಣುತ್ತದೆ. ಆಗಾಗ ಗುಂಡಿ ಮಗುಚಿ, ಸಿಕ್ಕಿದ್ದನ್ನು ಹೊರಗೆಸೆದರೆ ಕಾಗೆ, ಗೊರವಂಕ, ಕೆಂಬೂತಗಳು ಲೆಕ್ಕ ಚುಕ್ತಾ ಮಾಡುತ್ತವೆ.

ಕೊನೆಗೆ ಸಿಪ್ಪೆ ಯಾವುದು, ಹುಲ್ಲು ಯಾವುದು ಎಂದು ಗುರುತಾಗದಷ್ಟು ಎಲ್ಲ ಕಪ್ಪಾಗಿ, ಪುಡಿಯಾಗುತ್ತದೆ. ಮೊಟ್ಟೆಚಿಪ್ಪು ಮಾತ್ರ ಬೆಳ್ಳಗೆ ಉಳಿದಿರುತ್ತದೆ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟು, ಕುಟ್ಟಿ ಹಾಕಿದರೂ ನಿಧಾನವಾಗಿಯೇ ಕರಗುವುದು. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ, ಕ್ಷಾರವೂ ಇದೆ. ಹಸಿ ಗೊಬ್ಬರಕ್ಕೆ ಬೆರೆಸಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಬೂದಿಯನ್ನು ಬೇರೆಯಾಗಿ, ತೆಳ್ಳಗೆ, ಮಣ್ಣಿಗೇ ಎರಚಬೇಕು.

ಗೊಬ್ಬರ ಮಾಗುವ ತನಕ ಕಾಯದವರ ಗಿಡವೂ ಪಕ್ಕದಲ್ಲೇ ಇರುತ್ತದೆ. ಅರೆಕೊಳೆತ ಹುಲ್ಲನ್ನು ಬುಡದ ಮಣ್ಣಿಗೆ ಬೆರೆಸಿದರೆ ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನು ಗಿಡಕ್ಕಿಂತ ಮೊದಲೇ ಬಾಚಿಕೊಳ್ಳುತ್ತವೆ, ಎಲೆ ಹಳದಿಯಾಗುತ್ತದೆ. ಹಸಿ ಸಿಪ್ಪೆ ಬುಡಕ್ಕಿಟ್ಟರೆ ಇಲಿ ಕೆದಕುತ್ತದೆ. ಗುಂಡಿಯ ಒಕ್ಕಲುಗಳೆಲ್ಲ ಉಂಡು ಮುಗಿಸಿದ ಮೇಲಷ್ಟೇ ಗಿಡದ ಪಂಕ್ತಿ.

ಗುಂಡಿಗೆ ಬೇಕಾದ ಒಣ ಸರಕು ಕೆ.ಆರ್. ನಗರ ಸೀಮೆಯ ಭತ್ತದ ಗದ್ದೆಗಳಲ್ಲೇ ಬಿದ್ದಿದೆ. ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿಯಿಡುವ ಮನಸ್ಸಾದರೆ, ದಯವಿಟ್ಟು ಕಡ್ಡಿ ಗೀರಬೇಡಿ. ಒಂದು ಹೊರೆ ಹಿತ್ತಲಿಗೆ ತಂದುಕೊಳ್ಳಿ. ವರ್ಷಪೂರ್ತಿ ಸಿಪ್ಪೆಯ ಮೇಲೆ ಹಿಡಿ ಹಿಡಿಯಾಗಿ ಹರಡಲು ಅದು ಬೇಕಾಗುತ್ತದೆ.