ಎರೆಗೊಬ್ಬರ ತೆಗೆದ ಮೇಲೆ ಉಳಿದ ಹುಳುಗಳ ಗತಿಯೇನು?

ಪುಣೆಯಲ್ಲಿ ನೆಲೆಸಿದ ನಮ್ಮಂಥ ಅನೇಕ ಕುಟುಂಬಗಳು ಎರೆಗೊಬ್ಬರವನ್ನು ‘ಗಾಂಡೂಳ ಖತ’ ಎಂಬ ಮರಾಠಿ ಹೆಸರಿನಿಂದಲೇ ಮೊದಲು ಬಲ್ಲವು. ಸೌರಶಕ್ತಿ, ಮಳೆನೀರಿನ ಕೊಯ್ಲುಗಳಂತೆ ಎರೆಗೊಬ್ಬರ ಘಟಕಕ್ಕೂ ಪುಣೆ ಮಹಾನಗರಪಾಲಿಕೆಯು ಆಸ್ತಿ ತೆರಿಗೆಯಲ್ಲಿ ರಿಯಾಯಿತಿಯನ್ನಿತ್ತ ಮೇಲೆ ಹಲವು ಸೊಸೈಟಿಗಳ ಹಿತ್ತಿಲಲ್ಲಿ ಇದರ ತೊಟ್ಟಿಗಳು ಕಾಣಿಸಿಕೊಂಡವು. ಗೊಬ್ಬರ ಮಾಡುವ ಬಗೆಯನ್ನು ಬಹುಮಂದಿ ಅರಿತಿದ್ದಾರೆ. ಅದನ್ನು ಕಾಪಿಡುವಲ್ಲಿಯೇ ತಪ್ಪುವುದುಂಟು.

ನಾವೂ ತಪ್ಪಿದೆವು. ಮೊದಲ ಸಲ ಗೊಬ್ಬರವನ್ನು ಜರಡಿ ಹಿಡಿದು, ಕಣ್ಣಿಗೆ ಕಂಡ ಹುಳುಗಳನ್ನೆಲ್ಲ ತೊಟ್ಟಿಗೆ ಮರಳಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಾಲ್ಕನಿಯಲ್ಲಿಟ್ಟೆವು. ತಿಂಗಳ ಬಳಿಕ ಬಿಚ್ಚಿದಾಗ ದುರ್ವಾಸನೆ ಬಡಿಯಿತು. ನೂಲಿನೆಳೆಯಂಥ ಮರಿಹುಳುಗಳು ಚೀಲದ ಬಾಯಿಯ ಬಳಿ ಸತ್ತು ಅಂಟಿಕೊಂಡಿದ್ದವು.

ಕಾರಣ ಸರಳ. ಎರೆಹುಳುಗಳು ಮೊಟ್ಟೆಗಳನ್ನು ಪುಟ್ಟ ಕೋಶಗಳಲ್ಲಿಡುತ್ತವೆ. ನಿಂಬೆಹಣ್ಣಿನ ಆಕಾರದ, ಸಾಸಿವೆಗಿಂತ ತುಸು ದೊಡ್ಡದಾದ ಈ ಕೋಶಗಳಲ್ಲಿ ಕೆಲವು ಜರಡಿಯಿಂದ ನುಸುಳಿ ಗೊಬ್ಬರದೊಡನೆ ಬರುತ್ತವೆ. ಎರಡು ಮೂರು ವಾರಗಳಲ್ಲಿ ಅವು ಒಡೆದು ಮರಿಗಳು ಹೊರಬರುತ್ತವೆ. ಗಾಳಿಯಿಲ್ಲದ ಚೀಲದಲ್ಲಿ ಮರಿಗಳು ಉಳಿಯವು. ಗೊಬ್ಬರದ ಹಿತಕರ ಸೂಕ್ಷ್ಮಜೀವಿಗಳೂ ನಶಿಸುತ್ತವೆ.

ಆದುದರಿಂದ ಈಗ ನಾವು ಹೀಗೆ ಮಾಡುತ್ತೇವೆ. ಗೊಬ್ಬರ ತೆಗೆಯುವ ಮೂರು ನಾಲ್ಕು ದಿನ ಮೊದಲು ನೀರು ಚಿಮುಕಿಸುವುದನ್ನು ನಿಲ್ಲಿಸುತ್ತೇವೆ. ಹುಳುಗಳು ತೇವವನ್ನರಸಿ ಕೆಳಗಿಳಿಯುತ್ತವೆ. ಮೇಲಿನ ಗೊಬ್ಬರವನ್ನು ತೆಗೆದು, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಗೋಪುರದಂತೆ ರಾಶಿ ಹಾಕುತ್ತೇವೆ. ಬೆಳಕಿಗೆ ಹಿಂಜರಿದು ಉಳಿದ ಹುಳುಗಳು ರಾಶಿಯ ತಳ ಸೇರುತ್ತವೆ. ಮೇಲಿನಿಂದ ಪದರ ಪದರವಾಗಿ ಗೊಬ್ಬರ ತೆಗೆದರೆ ಕೊನೆಗೆ ಹುಳುಗಳ ಮುದ್ದೆಯೇ ಸಿಗುತ್ತದೆ. ಅದನ್ನು ತೊಟ್ಟಿಗೆ ಸೇರಿಸುತ್ತೇವೆ.

ಜರಡಿ ಹಿಡಿದ ಗೊಬ್ಬರವನ್ನು ಗೋಣಿಚೀಲದಲ್ಲಿ ಅಥವಾ ತೂತುಗಳಿರುವ ಬಕೆಟ್ಟಿನಲ್ಲಿ ನೆರಳಿನಲ್ಲಿಡಬೇಕು. ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಇದೇ ತೇವದ ಅಳತೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಪುಣೆಯ ಬಿಸಿಲು 40 ಡಿಗ್ರಿ ತಲುಪುವುದುಂಟು. ಆಗ ಗೋಣಿಯ ಮೇಲೆ ಆಗಾಗ ನೀರು ಚಿಮುಕಿಸಬೇಕು. ಮಳೆಗಾಲದಲ್ಲಿ ಎರಚಲು ತಾಗದಂತೆ, ನೆಲದಿಂದ ಮೇಲೆ ಇಟ್ಟಿಗೆಯ ಮೇಲಿಡುವುದು ಲೇಸು.

ಮೂರು ವಾರಗಳ ತರುವಾಯ ಮರಿಗಳನ್ನು ಹಿಡಿಯುವ ಸಮಯ. ಬಾಳೆಹಣ್ಣಿನ ಸಿಪ್ಪೆಯನ್ನೋ ಕೊಳೆತ ಹಳೆಯ ಸಗಣಿಯ ಉಂಡೆಯನ್ನೋ ಗೊಬ್ಬರದಲ್ಲಿ ಹುದುಗಿಸಿಟ್ಟು, ಎರಡು ಮೂರು ದಿನಗಳ ನಂತರ ಹೊರತೆಗೆದರೆ ಅದಕ್ಕೆ ಮುತ್ತಿಕೊಂಡ ಮರಿಗಳು ಕಾಣುತ್ತವೆ. ಅವನ್ನು ಸಿಪ್ಪೆಯ ಸಮೇತ ತೊಟ್ಟಿಗೆ ಹಾಕಿ, ಒಂದೆರಡು ಸಲ ಹೀಗೆಯೇ ಮಾಡಬೇಕು.

ಉಳಿದ ಹುಳುಗಳನ್ನು ಹೂಕುಂಡದ ಮಣ್ಣಿಗೆ ಬಿಟ್ಟರೆ ಪುಣ್ಯವೆಂದು ಕೆಲವರು ಭಾವಿಸುತ್ತಾರೆ. ಆದರೆ ಗೊಬ್ಬರದ ತೊಟ್ಟಿಯ ಹುಳುಗಳು ಕೊಳೆಯುವ ಕಸದಲ್ಲಿ ಬಾಳುವಂಥವು. ಬರಿಯ ಮಣ್ಣಿನಲ್ಲಿ ಅವುಗಳಿಗೆ ಆಹಾರವಿಲ್ಲ. ಅವುಗಳ ಮನೆ ನಮ್ಮ ತೊಟ್ಟಿಯೇ. ಮುಂದಿನ ಗೊಬ್ಬರವನ್ನು ಮಾಡಿಕೊಡುವವೂ ಅವೇ.