ಕಿರಿದಾಗದ ಪಾಪೆ: ಕಣ್ಣಿನ ಚಿತ್ರಗಳು ತಿಳಿಸುವ ಒಂದು ಅಪರೂಪದ ಆನುವಂಶಿಕ ಸ್ನಾಯುದೋಷ

ಹಸುಗೂಸಿನ ಕಣ್ಣು ದೊಡ್ಡದಾಗಿ, ಕಪ್ಪಾಗಿ ಹೊಳೆಯುತ್ತಿದ್ದರೆ ದೃಷ್ಟಿ ತಾಗೀತೆಂದು ಮನೆಯ ಹಿರಿಯರು ಕೆನ್ನೆಗೊಂದು ಕಾಡಿಗೆಯ ಬೊಟ್ಟನ್ನಿಡುವುದು ನಮ್ಮಲ್ಲಿ ರೂಢಿ. ಅಂತಹ ಕಣ್ಣುಗಳಲ್ಲಿ ಬಹುಪಾಲು ಸಂಪೂರ್ಣ ಆರೋಗ್ಯವುಳ್ಳವೇ ಆಗಿರುತ್ತವೆ. ಆದರೆ ತೀರ ವಿರಳವಾಗಿ, ಆ ಕಪ್ಪಿಗೆ ಕಾರಣ ಕಣ್ಣಿನ ಬಣ್ಣವಲ್ಲ. ಬೆಳಕು ಬಿದ್ದರೂ ಕಿರಿದಾಗದೆ ಸದಾ ತೆರೆದೇ ಇರುವ ಪಾಪೆ. ಹುಟ್ಟಿನಿಂದಲೇ ಹೀಗಿರುವ ಪಾಪೆಯು ಕೆಲವು ಮಕ್ಕಳಲ್ಲಿ ಹೃದಯ, ಮಹಾಪಧಮನಿ ಹಾಗೂ ಮೆದುಳಿನ ರಕ್ತನಾಳಗಳ ಗಂಭೀರ ದೋಷದ ಹೊರಗುರುತಾಗಿರುತ್ತದೆ. ಈ ದೋಷವನ್ನೂ, ಅದನ್ನು ಗುರುತಿಸುವಲ್ಲಿ ಕಣ್ಣಿನ ಚಿತ್ರಣ ವಿಧಾನಗಳು ವಹಿಸುವ ಪಾತ್ರವನ್ನೂ ಇಲ್ಲಿ ವಿವರಿಸಲಾಗಿದೆ.

ನಮ್ಮ ದೇಹದ ಸ್ನಾಯುಗಳಲ್ಲಿ ಕೆಲವು ನಮ್ಮ ಇಚ್ಛೆಗೆ ಒಳಪಟ್ಟು ನಡೆಯುತ್ತವೆ. ಕೈಕಾಲುಗಳ ಸ್ನಾಯುಗಳು ಈ ಬಗೆಯವು. ಇನ್ನು ಕೆಲವು ನಮ್ಮ ಅರಿವಿಗೆ ಬಾರದೆ, ಹಗಲಿರುಳು ತಮ್ಮಷ್ಟಕ್ಕೆ ತಾವೇ ಕೆಲಸ ಮಾಡುತ್ತವೆ. ಇವುಗಳಲ್ಲಿ ಪಟ್ಟೆಗಳಿಲ್ಲದವನ್ನು ನುಣುಪು ಸ್ನಾಯುಗಳೆಂದು ಕರೆಯುತ್ತಾರೆ. ಅಪಧಮನಿಗಳ ಗೋಡೆ, ಕರುಳು, ಮೂತ್ರಕೋಶ, ಶ್ವಾಸನಾಳಗಳು ಇವೆಲ್ಲದರಲ್ಲಿಯೂ ನುಣುಪು ಸ್ನಾಯು ಇದೆ. ಕಣ್ಣಿನಲ್ಲಿಯೂ ಇದೆ. ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್‌ನ ಒಳ ಅಂಚಿನಲ್ಲಿ ಉಂಗುರದಂತಿರುವ ಸ್ನಾಯುವೊಂದು ಸಂಕುಚಿಸಿದಾಗ ಪಾಪೆ ಕಿರಿದಾಗುತ್ತದೆ. ಅದರ ಹಿಂದೆ ಮಸೂರವನ್ನು ಸುತ್ತುವರಿದಿರುವ ಮತ್ತೊಂದು ಸ್ನಾಯು, ಹತ್ತಿರದ ಅಕ್ಷರಗಳನ್ನು ಓದುವಾಗ ಮಸೂರವು ಉಬ್ಬಲು ನೆರವಾಗುತ್ತದೆ.

ಈ ಸ್ನಾಯುಗಳ ಸಂಕೋಚನಕ್ಕೆ ಆಕ್ಟಿನ್ ಎಂಬ ಪ್ರೊಟೀನು ಅವಶ್ಯ. ನುಣುಪು ಸ್ನಾಯುವಿಗೆ ಸೇರಿದ ಆಕ್ಟಿನ್‌ನ ಒಂದು ಬಗೆಯನ್ನು ತಯಾರಿಸುವ ಸೂಚನೆಯು ಹತ್ತನೆಯ ವರ್ಣತಂತುವಿನಲ್ಲಿರುವ ಎಸಿಟಿಎ-2 ಎಂಬ ವಂಶವಾಹಿಯಲ್ಲಿ ಅಡಗಿದೆ. ಈ ವಂಶವಾಹಿಯ ದೋಷಗಳಿಂದ ಎದೆಯ ಭಾಗದ ಮಹಾಪಧಮನಿ ಹಿಗ್ಗಿ ಸೀಳುವ ಸಂಭವವಿದೆ ಎಂಬುದು 2007ರಲ್ಲಿ ತಿಳಿದುಬಂದಿತು. ಬಳಿಕ 2010ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಡಯಾನಾ ಮಿಲೆವಿಚ್ ಮತ್ತು ಅವರ ಸಂಗಡಿಗರು, ಇದೇ ವಂಶವಾಹಿಯ ಒಂದು ನಿರ್ದಿಷ್ಟ ಉತ್ಪರಿವರ್ತನೆಯಿಂದ ದೇಹದ ಹಲವು ಅಂಗಗಳ ನುಣುಪು ಸ್ನಾಯುಗಳು ಒಮ್ಮೆಗೇ ದುರ್ಬಲವಾಗುವ ಲಕ್ಷಣ ಸಮೂಹವನ್ನು ವರ್ಣಿಸಿದರು. ಪ್ರೊಟೀನಿನ 179ನೆಯ ಸ್ಥಾನದಲ್ಲಿರಬೇಕಾದ ಆರ್ಜಿನೀನ್ ಎಂಬ ಅಮೈನೊ ಆಮ್ಲದ ಬದಲಿಗೆ ಹಿಸ್ಟಿಡೀನ್ ಸೇರಿಕೊಳ್ಳುವುದೇ ಆ ದೋಷ. ನೂರಾರು ಅಮೈನೊ ಆಮ್ಲಗಳ ಸರಪಣಿಯಲ್ಲಿ ಒಂದೇ ಒಂದು ಕೊಂಡಿಯ ವ್ಯತ್ಯಾಸ. ಪರಿಣಾಮವೋ ಪಾಪೆಯಿಂದ ಮೂತ್ರಕೋಶದವರೆಗೆ.

ಗರ್ಭದಲ್ಲಿರುವಾಗ ಶ್ವಾಸಕೋಶದ ಅಪಧಮನಿಗೂ ಮಹಾಪಧಮನಿಗೂ ನಡುವೆ ಒಂದು ಸಂಪರ್ಕನಾಳವಿರುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಅದರ ಗೋಡೆಯ ಸ್ನಾಯು ಸಂಕುಚಿಸಿ ನಾಳವು ಮುಚ್ಚಿಕೊಳ್ಳಬೇಕು. ಈ ಮಕ್ಕಳಲ್ಲಿ ಅದು ಮುಚ್ಚುವುದಿಲ್ಲ. ಅನೇಕ ವೇಳೆ ಶೈಶವದಲ್ಲಿಯೇ ಶಸ್ತ್ರಕ್ರಿಯೆ ಬೇಕಾಗುತ್ತದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚುವುದು, ಕರುಳಿನ ಚಲನೆ ಮಂದವಾಗುವುದು, ಮೂತ್ರಕೋಶವು ಪೂರ್ತಿ ಬರಿದಾಗದಿರುವುದು ಇತರ ಲಕ್ಷಣಗಳು. ಮಹಾಪಧಮನಿಯು ಬಾಲ್ಯದಲ್ಲಿಯೇ ಹಿಗ್ಗತೊಡಗಬಹುದು. ಎಲ್ಲಕ್ಕಿಂತ ಹೆಚ್ಚು ಆತಂಕದ ಸಂಗತಿಯೆಂದರೆ ಮೆದುಳಿನ ಅಪಧಮನಿಗಳು ಕಿರಿದಾಗಿ, ಎಳೆಯ ವಯಸ್ಸಿನಲ್ಲಿಯೇ ಪಾರ್ಶ್ವವಾಯು ತಗಲುವ ಸಾಧ್ಯತೆ.

ಇಷ್ಟೆಲ್ಲ ಅಂಗಗಳ ಪೈಕಿ, ಉಪಕರಣವಿಲ್ಲದೆ ಹೊರಗಿನಿಂದಲೇ ನೋಡಬಹುದಾದದ್ದು ಕಣ್ಣೊಂದೇ. ಆದರೂ ಅದು ಕಣ್ತಪ್ಪುವುದುಂಟು. ನಮ್ಮ ದೇಶದ ಬಹುಪಾಲು ಮಕ್ಕಳ ಐರಿಸ್ ಗಾಢ ಕಂದು ಬಣ್ಣದ್ದು. ಒಂದು ಮೊಳ ದೂರದಿಂದ ನೋಡಿದರೆ ಕಂದು ಐರಿಸ್ ಯಾವುದು, ಕಪ್ಪು ಪಾಪೆ ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. ನೀಲಿ ಕಣ್ಣಿನ ಮಗುವಿನಲ್ಲಿ ಥಟ್ಟನೆ ಗೋಚರಿಸುವ ದೋಷವು ನಮ್ಮ ಮಗುವಿನಲ್ಲಿ ಮರೆಯಾಗಿ ಉಳಿಯಬಹುದು. ಟಾರ್ಚಿನ ಬೆಳಕನ್ನು ಕಣ್ಣಿನ ಪಕ್ಕದಿಂದ ಕ್ಷಣಕಾಲ ಬೀರಿ ಪಾಪೆ ಕಿರಿದಾಗುವುದೇ ಎಂದು ನೋಡುವ ಸರಳ ಪರೀಕ್ಷೆಯು ಇದೇ ಕಾರಣಕ್ಕೆ ಮಹತ್ವದ್ದು. ತಿಂಗಳು ತುಂಬಿ ಹುಟ್ಟಿದ ಕೂಸಿನಲ್ಲಿ ಈ ಪ್ರತಿಕ್ರಿಯೆ ಇದ್ದೇ ಇರಬೇಕು.

ಹಾಗೆಂದು ಪಾಪೆ ದೊಡ್ಡದಾಗಿರುವುದೆಲ್ಲ ಈ ರೋಗವೆಂದು ತಿಳಿಯಬಾರದು. ಹಿತ್ತಿಲಿನ ದತ್ತೂರಿ ಅಥವಾ ಉಮ್ಮತ್ತಿ ಗಿಡದ ರಸ ಕಣ್ಣಿಗೆ ತಾಗಿದರೂ ಪಾಪೆ ಹಿಗ್ಗುತ್ತದೆ. ಅಟ್ರೊಪಿನ್ ಹನಿ ಹಾಕಿದರೂ ಹಿಗ್ಗುತ್ತದೆ. ಇವು ಕೆಲವು ದಿನಗಳಲ್ಲಿ ಸರಿಹೋಗುತ್ತವೆ. ತಲೆಗೆ ಪೆಟ್ಟಾದ ಬಳಿಕ ಪಾಪೆ ಹಿಗ್ಗಿದರೆ ಅದು ತುರ್ತು ಚಿಕಿತ್ಸೆಯ ವಿಷಯ. ಇಲ್ಲಿ ಹೇಳುತ್ತಿರುವುದು ಹುಟ್ಟಿನಿಂದಲೇ ಎರಡೂ ಕಣ್ಣುಗಳಲ್ಲಿ ಸ್ಥಿರವಾಗಿರುವ ಹಿಗ್ಗುವಿಕೆಯನ್ನು ಕುರಿತು. ಪಾಪೆಯನ್ನು ಕಿರಿದಾಗಿಸುವ ಪೈಲೊಕಾರ್ಪಿನ್ ಹನಿಯೂ ಇಂತಹ ಕಣ್ಣಿನಲ್ಲಿ ನಿಷ್ಫಲವಾಗುತ್ತದೆ. ಔಷಧವು ಆಜ್ಞೆಯನ್ನು ತಲುಪಿಸಿದರೂ, ಆಜ್ಞೆಯನ್ನು ಪಾಲಿಸಬೇಕಾದ ಸ್ನಾಯುವೇ ಅಶಕ್ತವಾಗಿರುವುದು ಇದಕ್ಕೆ ಕಾರಣ.

ವೈದ್ಯರಿಗೂ ಗೊಂದಲವಾಗುವ ಸಂದರ್ಭವೊಂದಿದೆ. ಐರಿಸ್ ಬಹುಪಾಲು ಬೆಳೆಯದೇ ಉಳಿಯುವ ಮತ್ತೊಂದು ಆನುವಂಶಿಕ ದೋಷದಲ್ಲಿಯೂ ಪಾಪೆ ಬಹಳ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಕಾರಣವಾದ ವಂಶವಾಹಿಯೇ ಬೇರೆ. ಆ ಮಗುವಿನಲ್ಲಿ ವೈದ್ಯರು ಮೂತ್ರಪಿಂಡದ ಗಡ್ಡೆಯ ಸಂಭವವನ್ನು ಪರಿಗಣಿಸಿ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಈ ಮಗುವಿನಲ್ಲಿ ನೋಡಬೇಕಾದದ್ದು ಹೃದಯ, ಮಹಾಪಧಮನಿ ಮತ್ತು ಮೆದುಳು. ಒಂದನ್ನು ಇನ್ನೊಂದೆಂದು ಬಗೆದರೆ ಹುಡುಕಾಟವು ತಪ್ಪು ದಿಕ್ಕಿನಲ್ಲಿ ಸಾಗಿ, ಅಮೂಲ್ಯ ಕಾಲ ಕಳೆದುಹೋಗುತ್ತದೆ. ಕಣ್ಣಿನ ಚಿತ್ರಗಳ ನಿಜವಾದ ಪ್ರಯೋಜನ ಇರುವುದು ಇಲ್ಲಿಯೇ.

ಮೊದಲನೆಯದು ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕ. ತೆಳುವಾದ ಬೆಳಕಿನ ಪಟ್ಟಿಯನ್ನು ಹಾಯಿಸಿ ನೋಡಿದಾಗ, ಐರಿಸ್ ಇದೆಯೇ, ಇದ್ದರೆ ಅದರ ಒಳ ಅಂಚು ಹೇಗಿದೆ ಎಂಬುದು ತಿಳಿಯುತ್ತದೆ. ಅದಕ್ಕೂ ಒಳಗಿನ ವಿವರಕ್ಕೆ ಎರಡು ವಿಧಾನಗಳಿವೆ. ಬೆಳಕಿನ ಪ್ರತಿಫಲನವನ್ನು ಬಳಸಿ ಅಂಗಾಂಶದ ಅಡ್ಡಕೊಯ್ತದಂತಹ ಚಿತ್ರ ನೀಡುವುದು ಓಸಿಟಿ. 1991ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಕೂದಲೆಳೆಯ ದಪ್ಪದ ಹತ್ತನೆಯ ಒಂದು ಭಾಗದಷ್ಟು ಸೂಕ್ಷ್ಮ ಪದರಗಳನ್ನೂ ಇದು ಬೇರ್ಪಡಿಸಿ ತೋರಿಸಬಲ್ಲದು. ಆದರೆ ಐರಿಸ್‌ನ ಹಿಂಬದಿಯ ಕಪ್ಪು ವರ್ಣಕವು ಬೆಳಕನ್ನು ತಡೆಯುವುದರಿಂದ, ಅದರಾಚೆಗಿರುವ ಮಸೂರದ ಸ್ನಾಯು ಓಸಿಟಿಯಲ್ಲಿ ಸ್ಪಷ್ಟವಾಗಿ ಕಾಣದು. ಶಬ್ದಾತೀತ ತರಂಗಗಳಿಗೆ ಬಣ್ಣದ ತಡೆಯಿಲ್ಲ. ಆದುದರಿಂದ ಅಲ್ಲಿಗೆ ಸೂಕ್ಷ್ಮ ಅಲ್ಟ್ರಾಸೌಂಡ್ ಬೇಕಾಗುತ್ತದೆ. ಅಕ್ಷಿಪಟಲದ ನಡುವಿನ, ದೃಷ್ಟಿ ಅತಿ ಸ್ಪಷ್ಟವಾಗಿರುವ ಗುಳಿಯನ್ನೂ ಓಸಿಟಿಯಿಂದ ನೋಡಬಹುದು. ಐರಿಸ್ ಬೆಳೆಯದ ಮೇಲೆ ಹೇಳಿದ ದೋಷದಲ್ಲಿ ಈ ಗುಳಿಯು ಸಾಮಾನ್ಯವಾಗಿ ಸರಿಯಾಗಿ ರೂಪುಗೊಂಡಿರುವುದಿಲ್ಲ. ಎರಡನ್ನು ಬೇರ್ಪಡಿಸಲು ಇದೊಂದು ನೆರವು.

ಇನ್ನು ಕಣ್ಣಿನ ಹಿಂಭಾಗದ ಛಾಯಾಚಿತ್ರ. ದೇಹವನ್ನು ಕೊಯ್ಯದೆ ಅಪಧಮನಿಗಳನ್ನು ನೇರವಾಗಿ ಕಣ್ಣಾರೆ ನೋಡಬಹುದಾದ ಸ್ಥಳ ಅಕ್ಷಿಪಟಲ. ಸಾಮಾನ್ಯರಲ್ಲಿ ಈ ಭಾಗವನ್ನು ನೋಡಲು ಹನಿ ಹಾಕಿ ಪಾಪೆಯನ್ನು ಹಿಗ್ಗಿಸಬೇಕು. ಈ ಮಕ್ಕಳಲ್ಲಿ ಬಾಗಿಲು ಮೊದಲೇ ತೆರೆದಿದೆ. ಒಳಗೆ ಕಾಣುವ ಸಣ್ಣ ಅಪಧಮನಿಗಳು ನೇರವಾಗಿ ಹರಡದೆ, ಹಾವಿನ ನಡೆಯಂತೆ ಅಂಕುಡೊಂಕಾಗಿ ಸಾಗುತ್ತವೆ. ವಿಚಿತ್ರವೆಂದರೆ, ಇದೇ ರೋಗಿಗಳ ಮೆದುಳಿನ ಚಿತ್ರ ತೆಗೆದಾಗ ಅಲ್ಲಿನ ಅಪಧಮನಿಗಳು ಇರಬೇಕಾದ ಬಾಗುಗಳನ್ನು ಕಳೆದುಕೊಂಡು ಅಸಹಜವಾಗಿ ನೆಟ್ಟಗಿರುತ್ತವೆ. ಕುತ್ತಿಗೆಯಿಂದ ಮೇಲೇರುವ ದೊಡ್ಡ ಅಪಧಮನಿಯು ಆರಂಭದಲ್ಲಿ ಹಿಗ್ಗಿದ್ದು, ತುದಿಯಲ್ಲಿ ಕಿರಿದಾಗಿರುತ್ತದೆ. ಇದನ್ನು 2012ರಲ್ಲಿ ತಜ್ಞರು ವಿವರವಾಗಿ ವರ್ಣಿಸಿದ್ದಾರೆ. ಕಣ್ಣಿಗೆ ರಕ್ತ ತರುವ ಅಪಧಮನಿಯು ಇದೇ ದೊಡ್ಡ ನಾಳದ ಕವಲು ಎಂಬುದನ್ನು ನೆನೆದರೆ ಈ ವೈದೃಶ್ಯ ಇನ್ನೂ ಸೋಜಿಗವೆನಿಸುತ್ತದೆ.

ಅಂಕುಡೊಂಕಾದ ಅಪಧಮನಿ ಎಂಬುದೂ ಈ ರೋಗಕ್ಕೆ ಮಾತ್ರ ಮೀಸಲಾದ ಗುರುತಲ್ಲ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಲದ ರೋಗದಲ್ಲಿ, ಮಹಾಪಧಮನಿ ಒಂದೆಡೆ ಕಿರಿದಾಗಿರುವಾಗ, ಬೇರೆ ಕೆಲವು ಆನುವಂಶಿಕ ದೋಷಗಳಲ್ಲಿಯೂ ಅದು ಕಾಣುತ್ತದೆ. ಕಿರಿದಾಗದ ಪಾಪೆ ಮತ್ತು ಡೊಂಕಾದ ಅಪಧಮನಿ ಎರಡೂ ಒಂದೇ ಮಗುವಿನಲ್ಲಿ ಕೂಡಿಬಂದಾಗ, ಅದರಲ್ಲಿಯೂ ಹೃದಯದ ಬಳಿಯ ಸಂಪರ್ಕನಾಳ ಮುಚ್ಚದೇ ಉಳಿದ ಇತಿಹಾಸವಿದ್ದಾಗ, ವೈದ್ಯರು ವಂಶವಾಹಿಯ ಪರೀಕ್ಷೆಗೆ ಬರೆಯಲು ಹಿಂಜರಿಯಬಾರದು. ಅಂತಿಮ ನಿರ್ಣಯ ರಕ್ತದ ಆ ಪರೀಕ್ಷೆಯಿಂದಲೇ.

ಚಿತ್ರ ತೆಗೆಯುವ ಕ್ರಮದಲ್ಲಿಯೂ ಎಚ್ಚರ ಅಗತ್ಯ. ಚಿಕ್ಕ ಮಕ್ಕಳು ಅಲುಗಾಡದೆ ಕೂರುವುದಿಲ್ಲವಾದ್ದರಿಂದ ಅನೇಕ ಕಡೆ ಅರಿವಳಿಕೆ ನೀಡಿ ಪರೀಕ್ಷಿಸುವ ಪದ್ಧತಿಯಿದೆ. ಮೆದುಳಿನ ಅಪಧಮನಿಗಳು ಕಿರಿದಾಗಿರುವ ಮಗುವಿಗೆ ಅರಿವಳಿಕೆಯ ವೇಳೆ ರಕ್ತದೊತ್ತಡ ಕುಸಿದರೆ, ಉಸಿರಾಟ ಅತಿಯಾದರೆ, ದೇಹದಲ್ಲಿ ನೀರಿನಂಶ ಕಡಿಮೆಯಾದರೆ ಪಾರ್ಶ್ವವಾಯು ತಗಲುವ ಅಪಾಯವಿದೆ. ಆದ್ದರಿಂದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು, ಕೈಯಲ್ಲಿ ಹಿಡಿಯುವ ಕ್ಯಾಮೆರಾದಿಂದ ಕೆಲಸ ಸಾಗುವುದಾದರೆ ಅದೇ ಒಳ್ಳೆಯದು. ಅರಿವಳಿಕೆ ಅನಿವಾರ್ಯವಾದರೆ ಬೇರೆ ಪರೀಕ್ಷೆಗಳನ್ನೂ ಅದೇ ಸಮಯದಲ್ಲಿ ಮುಗಿಸುವುದು ಲೇಸು. ಅರಿವಳಿಕೆ ತಜ್ಞರಿಗೆ ಪಾಪೆಯ ವಿಷಯವನ್ನು ಮೊದಲೇ ತಿಳಿಸಬೇಕು. ಇಲ್ಲವಾದರೆ ಬೆಳಕಿಗೆ ಸ್ಪಂದಿಸದ ಪಾಪೆಯನ್ನು ಕಂಡು ಮೆದುಳಿಗೆ ಧಕ್ಕೆಯಾಗಿದೆಯೆಂದು ಅವರು ಭಾವಿಸಬಹುದು. ರಕ್ತನಾಳಗಳನ್ನು ಬಿಡಿಸಿ ನೋಡಲು ಹಿಂದೆ ತೋಳಿನ ಅಭಿಧಮನಿಗೆ ಫ್ಲೋರೆಸೀನ್ ಎಂಬ ಬಣ್ಣದ ದ್ರವವನ್ನು ಚುಚ್ಚುವುದೊಂದೇ ದಾರಿಯಾಗಿತ್ತು. ಈಗ ಚುಚ್ಚುಮದ್ದಿಲ್ಲದೆ, ರಕ್ತಕಣಗಳ ಚಲನೆಯನ್ನೇ ಗುರುತಿಸಿ ನಾಳಗಳ ನಕ್ಷೆ ನೀಡುವ ಓಸಿಟಿ ವಿಧಾನವೂ ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ದೊರೆಯುತ್ತದೆ.

ಕಣ್ಣಿನ ಮಟ್ಟಿಗೆ ಹೇಳುವುದಾದರೆ, ಈ ಮಕ್ಕಳಿಗೆ ಬಿಸಿಲು ಮತ್ತು ಪ್ರಖರ ಬೆಳಕು ಸಹಿಸುವುದು ಕಷ್ಟ. ಬಣ್ಣದ ಕನ್ನಡಕ, ಅಂಚುಳ್ಳ ಟೋಪಿ ಉಪಯುಕ್ತ. ಹತ್ತಿರದ ದೃಷ್ಟಿಗೆ ಸಹ ಕನ್ನಡಕ ಬೇಕಾಗಬಹುದು. ಶಾಲೆಗೆ ಸೇರುವ ಮುನ್ನವೇ ಇದನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ. ಮಗು ಪುಸ್ತಕ ಕಂಡರೆ ಮುಖ ತಿರುಗಿಸುತ್ತದೆಂದು ಗದರುವ ತಾಯ್ತಂದೆಯರು, ಉಪಾಧ್ಯಾಯರು ಈ ಸಂಗತಿಯನ್ನು ಗಮನಿಸಬೇಕು.

ಬಹುಪಾಲು ಸಂದರ್ಭಗಳಲ್ಲಿ ಈ ಉತ್ಪರಿವರ್ತನೆಯು ತಂದೆಯಲ್ಲಾಗಲಿ ತಾಯಿಯಲ್ಲಾಗಲಿ ಇರುವುದಿಲ್ಲ. ಆ ಮಗುವಿನಲ್ಲಿ ಹೊಸದಾಗಿ ಉಂಟಾಗಿರುತ್ತದೆ. ಬಸುರಿಯಲ್ಲಿ ತಾಯಿ ತಿಂದದ್ದು, ನೋಡಿದ್ದು, ಗ್ರಹಣದ ದಿನ ಹೊರಬಂದದ್ದು ಇದಕ್ಕೆ ಕಾರಣವಲ್ಲ. ಮುಂದಿನ ಮಗುವಿಗೆ ಬರುವ ಸಂಭವ ಬಹಳ ಕಡಿಮೆ, ಆದರೆ ಪೂರ್ತಿ ಇಲ್ಲವೆನ್ನಲಾಗದು. ರೋಗಿಯೇ ಬೆಳೆದು ಮಕ್ಕಳನ್ನು ಪಡೆದಲ್ಲಿ ಪ್ರತಿ ಮಗುವಿಗೂ ಇಬ್ಬರಲ್ಲಿ ಒಬ್ಬರಂತೆ ಸಂಭವವಿದೆ. ವಂಶವಾಹಿ ಸಲಹೆಗಾರರನ್ನು ಕಂಡು ಮಾತನಾಡುವುದು ಆದುದರಿಂದ ಅವಶ್ಯ.

ಭಾರತ ಸರ್ಕಾರವು 2021ರಲ್ಲಿ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿ, ಕೆಲವು ಆಸ್ಪತ್ರೆಗಳನ್ನು ಉತ್ಕೃಷ್ಟತಾ ಕೇಂದ್ರಗಳೆಂದು ಗುರುತಿಸಿದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಕೆಇಎಂ ಆಸ್ಪತ್ರೆ ಇವುಗಳಲ್ಲಿ ಸೇರಿವೆ. ನೀತಿಯ ಅನ್ವಯ ಧನಸಹಾಯವು ಪಟ್ಟಿಯಲ್ಲಿ ಹೆಸರಿಸಿದ ರೋಗಗಳಿಗೆ ಸೀಮಿತ. ರೋಗನಿರ್ಣಯ ಮತ್ತು ಸಲಹೆಗಾಗಿ ಯಾರೂ ಅಲ್ಲಿ ವಿಚಾರಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ಜನ್ಮದೋಷ ತಪಾಸಣೆಗೂ ವ್ಯವಸ್ಥೆಯಿದೆ. ಹೀಗೆ ಹೋಗುವಾಗ ಕಣ್ಣಿನ ಚಿತ್ರಗಳು, ಹೃದಯದ ಎಕೋ ವರದಿ, ಹಿಂದಿನ ಶಸ್ತ್ರಕ್ರಿಯೆಯ ಕಾಗದಪತ್ರಗಳು ಎಲ್ಲವನ್ನೂ ಒಂದೇ ಕಡತದಲ್ಲಿ ಜೋಡಿಸಿ ಒಯ್ಯಬೇಕು. ನೇತ್ರತಜ್ಞರು ನೋಡಿದ್ದನ್ನು ಹೃದ್ರೋಗ ತಜ್ಞರೂ, ಹೃದ್ರೋಗ ತಜ್ಞರು ನೋಡಿದ್ದನ್ನು ನೇತ್ರತಜ್ಞರೂ ಕಾಣಲು ಸದ್ಯಕ್ಕೆ ಆ ಕಡತವೇ ಸಾಧನ.